ಅರಬೈಲು ಘಟ್ಟವೂ ಹಳೆಯ ಅಂಬಾಸಿಡರ್ ಕಾರೂ

ಬಯಲುಸೀಮೆಯವರಿಗೆ ಘಟ್ಟವೆಂದರೆ ಎಂದಿಗೂ ತೀರದ ಒಂದು ವಿಸ್ಮಯ. ಕಣ್ಣು ಹಾಯುವವರೆಗೆ ಎರೆಹೊಲವನ್ನೇ ಕಂಡು ಬೆಳೆದವರು ಕಲಘಟಗಿಯನ್ನು ದಾಟಿ ಕಿರವತ್ತಿಯ ಕಾಡನ್ನು ಹೊಕ್ಕೊಡನೆ ಮಾತು ನಿಲ್ಲಿಸಿ ಕಿಟಕಿಯ ಹೊರಗೆ ನೋಡತೊಡಗುತ್ತಾರೆ. ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಹಾಯ್ದು ಅಂಕೋಲೆಗೆ ಇಳಿಯುವ ಹೆದ್ದಾರಿಯು ನಮ್ಮ ಉತ್ತರ ಕರ್ನಾಟಕದ ಬಯಲನ್ನು ಕಡಲಿಗೆ ಜೋಡಿಸಿದ ಮಾರ್ಗ. ಹಿಂದೆ ಇದಕ್ಕೆ 63ನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಹೆಸರಿತ್ತು. ಈಗ 52 ಎಂಬ ಸಂಖ್ಯೆ ಬಂದಿದೆ. ಸಂಖ್ಯೆ ಬದಲಾದರೂ ಏರು ಬದಲಾಗಲಿಲ್ಲ.

ಈ ದಾರಿಗೆ ಒಂದು ನದಿಯ ಸಂಗಾತವೂ ಉಂಟು. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯನ್ನು ತನ್ನೊಳಗೆ ಕೂಡಿಸಿಕೊಂಡ ಬೇಡ್ತಿಯು ಯಲ್ಲಾಪುರದ ಸಮೀಪದ ಮಾಗೋಡಿನಲ್ಲಿ ಬಂಡೆಗಳ ಮೇಲಿನಿಂದ ಧುಮುಕುತ್ತದೆ. ಘಟ್ಟದ ಕೆಳಗೆ ಅದೇ ನೀರು ಗಂಗಾವಳಿಯೆಂಬ ಹೆಸರನ್ನು ಪಡೆದು, ರಾಮನಗುಳಿ, ಸುಂಕಸಾಳಗಳ ಸೀಮೆಯಲ್ಲಿ ರಸ್ತೆಗೆ ಸಮೀಪವಾಗಿ ಹರಿದು ಕಡಲನ್ನು ಸೇರುತ್ತದೆ. ಗುಳ್ಳಾಪುರಕ್ಕೂ ಇಡಗುಂದಿಗೂ ನಡುವೆ ಇರುವ ಕಡಿದಾದ ಏರೇ ಅರಬೈಲು ಘಟ್ಟ. 2021ರ ಜುಲೈ ತಿಂಗಳ ಮಳೆಯಲ್ಲಿ ಇಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿದ್ದುದನ್ನು ಅನೇಕರು ನೆನೆಯಬಹುದು. ಭಾರ ಹೊತ್ತ ಲಾರಿಗಳು ಹಗಲಿರುಳೂ ಒಂದರ ಹಿಂದೊಂದು ತೆವಳುತ್ತ ಏರುವ ಈ ತಿರುವುಗಳಲ್ಲಿ ಪ್ರತಿಯೊಂದು ವಾಹನವೂ ತನ್ನ ನಿಜವಾದ ಆರೋಗ್ಯವನ್ನು ತೋರಿಸಿಕೊಡುತ್ತದೆ. ಸಮತಟ್ಟಾದ ನೆಲದಲ್ಲಿ ಅಡಗಿಕೊಂಡ ದೋಷವು ಏರಿನಲ್ಲಿ ಅಡಗಿರಲಾರದು.

2023ರ ಮೇ ತಿಂಗಳಲ್ಲಿ ನಾವು ಈ ದಾರಿಯಲ್ಲಿ ಸಂಚರಿಸಿದೆವು. ನವಲಗುಂದದ ಕಡೆಯ ನಿವೃತ್ತ ಶಿಕ್ಷಕರೊಬ್ಬರು ನಮ್ಮ ಬಹುಕಾಲದ ಮಿತ್ರರು. ಅಂಕೋಲೆಯಲ್ಲಿ ನಡೆದ ಅವರ ಆಪ್ತರ ಮನೆಯ ಮದುವೆಗೆ ನಮ್ಮನ್ನೂ ಕರೆದೊಯ್ದಿದ್ದರು. ಅವರ ತಂದೆಯವರು 1989ರಲ್ಲಿ ಕೊಂಡ ಅಂಬಾಸಿಡರ್ ಕಾರೇ ನಮ್ಮ ರಥ. ಅವರ ತಂಗಿಯ ಮಗನೇ ಸಾರಥಿ. ಹಿಂದಿನ ಆಸನದಲ್ಲಿ ಮಾಸ್ತರರ ಮನೆಯವರು ಮತ್ತು ಎಂಬತ್ತು ದಾಟಿದ ಅವರ ತಾಯಿ.

ಅಂಬಾಸಿಡರ್ ಕಾರಿನ ಪರಿಚಯ ನಮ್ಮ ಹಿರಿಯ ಓದುಗರಿಗೆ ಬೇಕಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮಾದರಿಯಲ್ಲಿ ಬಂಗಾಲದ ಉತ್ತರಪಾರಾದ ಕಾರ್ಖಾನೆಯು 1950ರ ದಶಕದ ಕೊನೆಯಿಂದ 2014ರ ವರೆಗೆ ಇದನ್ನು ತಯಾರಿಸಿತು. ಈಗ ಹೊಸದು ಬಾರದು. ಇದ್ದುದನ್ನು ಕಾಪಾಡಿಕೊಂಡವರ ಮನೆಯಲ್ಲಿ ಮಾತ್ರ ಅದು ಉಳಿದಿದೆ. ಮಾಸ್ತರರ ಮನೆಯಲ್ಲಿಯೂ ಅದು ಉಳಿಯುವ ಭರವಸೆ ಇರಲಿಲ್ಲ. ಎರಡು ವರ್ಷಗಳಿಂದ ಕಾರು ಬಿಸಿಯಾಗುತ್ತಿತ್ತು. ಒಂದು ಗ್ಯಾರೇಜಿನವರು ಇಂಜಿನ್ನನ್ನು ಪೂರ್ತಿ ಬಿಚ್ಚಬೇಕೆಂದು ದೊಡ್ಡ ಮೊತ್ತವನ್ನು ಹೇಳಿದ್ದರು. ಪಿಂಚಣಿಯ ಹಣದಲ್ಲಿ ಅದು ಆಗುವ ಮಾತಲ್ಲವೆಂದು, ಮದುವೆ ಮುಗಿಸಿ ಬಂದ ಮೇಲೆ ಗುಜರಿಗೆ ಹಾಕುವುದೆಂದು ಮಾಸ್ತರರು ನಿಶ್ಚಯಿಸಿದ್ದರು. ತಾಯಿಯವರಿಗೆ ಮಾತ್ರ ಈ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ. ಪತಿಯು ಕೊಂಡ ಕಾರೆಂದು ಅವರಿಗೆ ಅದರಲ್ಲಿ ಅಪಾರ ಮಮತೆ.

ಇಳಿಯುವಾಗ ಯಾವ ತೊಂದರೆಯೂ ಆಗಲಿಲ್ಲ. ಮರಳಿ ಬರುವಾಗ ಗುಳ್ಳಾಪುರವನ್ನು ದಾಟಿ ಮೂರು ನಾಲ್ಕು ತಿರುವು ಏರಿದ್ದೆವೋ ಇಲ್ಲವೋ, ಸಾರಥಿಯು, "ಮಾಮಾ, ಕಾಟಾ ಏರಾಕತ್ತೇತಿ" ಎಂದನು. ಮತ್ತೆರಡು ತಿರುವುಗಳಲ್ಲಿ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ರಸ್ತೆ ಅಗಲವಾಗಿದ್ದ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿರಿಯರನ್ನು ನೆರಳಿನಲ್ಲಿ ಕುಳ್ಳಿರಿಸಿದೆವು.

ಹುಡುಗನು ಟವೆಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದನು. ನಮ್ಮ ಹಿಂದೆಯೇ ನಿಂತ ಲಾರಿಯ ಚಾಲಕನು ಕೆಳಗೆ ಜಿಗಿದು ಬಂದು ಅವನ ರಟ್ಟೆಯನ್ನು ಹಿಡಿದೆಳೆದನು. "ಏ ತಮ್ಮಾ, ಕೈ ತಗಿ! ಈಗ ಬಿಚ್ಚಿದಿ ಅಂದ್ರ ಮಾರಿ ಉಳಿಯೂದಿಲ್ಲ" ಎಂದನು. ಆ ಮಾತಿನಲ್ಲಿ ಕಿಂಚಿತ್ತೂ ಉತ್ಪ್ರೇಕ್ಷೆ ಇರಲಿಲ್ಲ. ಅದರ ಕಾರಣವನ್ನು ಪ್ರತಿಯೊಂದು ಮನೆಯವರೂ ತಿಳಿದಿರತಕ್ಕದ್ದು.

ಸಮುದ್ರದ ಮಟ್ಟದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಬರಿಯ ಮುಚ್ಚಳವಲ್ಲ. ಅದರೊಳಗೆ ಸ್ಪ್ರಿಂಗ್ ಇದ್ದು ಅದು ಒತ್ತಡವನ್ನು ಹಿಡಿದಿಡುತ್ತದೆ. 7 ಪೌಂಡು ಒತ್ತಡದ ಮುಚ್ಚಳವಿದ್ದರೆ ಒಳಗಿನ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ನಮ್ಮ ಮನೆಯ ಕುಕ್ಕರಿನ ತತ್ತ್ವವೂ ಇದೇ. ಅಂತಹ ಸ್ಥಿತಿಯಲ್ಲಿ ಮುಚ್ಚಳವನ್ನು ತೆರೆದರೆ ಒತ್ತಡ ಒಮ್ಮೆಲೇ ಇಳಿದು, ನೀರಿನ ಒಂದು ಭಾಗ ಕ್ಷಣಮಾತ್ರದಲ್ಲಿ ಉಗಿಯಾಗಿ, ಉಳಿದ ಕುದಿನೀರನ್ನು ತೆರೆದವನ ಮುಖಕ್ಕೆ ಎರಚುತ್ತದೆ. ಟವೆಲಿನಿಂದ ಅದನ್ನು ತಡೆಯಲಾಗದು. ಇಂಜಿನ್ ಆರುವವರೆಗೆ ಕಾಯುವುದೊಂದೇ ದಾರಿ. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಅಪಾಯವೇ. ಕಾದ ಎರಕದ ಕಬ್ಬಿಣವು ಒಮ್ಮೆಲೇ ತಣಿದರೆ ಸೀಳುವ ಸಂಭವವುಂಟು.

ಒಂದು ಗಂಟೆಯ ಮೇಲೆ ಇಂಜಿನ್ ಆರಿತು. ಲಾರಿಯವನು ಕೊಟ್ಟ ಡಬ್ಬಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ತುಂಬಿಸಿ, ಕೆಳಗಿನ ಗೇರಿನಲ್ಲಿ, ನಡುನಡುವೆ ನಿಂತು, ಸಂಜೆಯ ಹೊತ್ತಿಗೆ ಯಲ್ಲಾಪುರವನ್ನು ಮುಟ್ಟಿದೆವು. ಅಲ್ಲಿ ಹೆದ್ದಾರಿಯ ಬದಿಯಲ್ಲಿ ತಗಡಿನ ಚಪ್ಪರದ ಕೆಳಗೆ ಒಬ್ಬ ವೃದ್ಧ ಮೇಸ್ತ್ರಿಯ ಅಂಗಡಿ ಇತ್ತು. ಹಳೆಯ ಗಾಡಿಗಳ ಕೈಗುಣವುಳ್ಳವರೆಂದು ಲಾರಿಯವನೇ ಹೇಳಿ ಕಳಿಸಿದ್ದನು.

ರೋಗ ಕೇಳುವ ಕ್ರಮ

ಮೇಸ್ತ್ರಿಯು ಪಾನಾವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಮೊದಲು ಹುಡುಗನನ್ನು ಎದುರಿಗೆ ಕುಳ್ಳಿರಿಸಿಕೊಂಡು ಪ್ರಶ್ನೆಗಳನ್ನು ಕೇಳತೊಡಗಿದರು. "ನಿಂತಾಗ ಬಿಸಿ ಆಗತೈತೋ, ಓಡುವಾಗ ಆಗತೈತೋ? ಬಯಲಾಗೂ ಆಗತೈತೋ, ಏರಿನ್ಯಾಗಷ್ಟ ಆಗತೈತೋ? ದಿನಾ ನೀರು ಎಷ್ಟು ಹಾಕ್ತಿ?" ನಾಡಿ ಹಿಡಿಯುವ ಮೊದಲು ಊಟ, ನಿದ್ರೆ, ಅಭ್ಯಾಸಗಳನ್ನು ವಿಚಾರಿಸುತ್ತಿದ್ದ ಹಿಂದಿನ ಕಾಲದ ವೈದ್ಯರ ನೆನಪು ನಮಗಾಯಿತು. ಪ್ರಶ್ನೆಗಳ ಹಿಂದಿನ ತರ್ಕವನ್ನು ಕೇಳಿದಾಗ ಅವರು ಸಮಾಧಾನದಿಂದ ವಿವರಿಸಿದರು. ಅದರ ಸಾರವನ್ನು ಇಲ್ಲಿ ಕೊಡುತ್ತೇವೆ.

ಸಂತೆಯ ದಟ್ಟಣೆಯಲ್ಲಿ ನಿಂತಾಗ ಮಾತ್ರ ಬಿಸಿಯಾಗಿ, ಓಡತೊಡಗಿದೊಡನೆ ತಣಿಯುವ ಕಾರಿನಲ್ಲಿ ಗಾಳಿಯ ಕೊರತೆ ಇದೆಯೆಂದು ತಿಳಿಯಬೇಕು. ಫ್ಯಾನನ್ನೂ ಅದರ ಬೆಲ್ಟನ್ನೂ ನೋಡಬೇಕು. ಹೊರಟ ಐದು ಹತ್ತು ನಿಮಿಷಗಳಲ್ಲಿಯೇ ಮುಳ್ಳು ಏರಿದರೆ ನೀರು ಕಡಿಮೆಯಾಗಿದೆ, ಇಲ್ಲವೇ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿದೆ. ಹೊರಗೆಲ್ಲಿಯೂ ಸೋರಿಕೆ ಕಾಣದೆ ನೀರು ಮಾತ್ರ ದಿನವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಸಂಶಯವನ್ನು ತಳೆಯಬೇಕು. ಬಯಲಿನಲ್ಲಿ ಸರಿಯಾಗಿದ್ದು, ಏರಿನಲ್ಲಿಯೋ ದೀರ್ಘ ವೇಗದಲ್ಲಿಯೋ ಮಾತ್ರ ಬಿಸಿಯಾದರೆ ರೇಡಿಯೇಟರಿನ ಕಡೆಗೆ ಬೆರಳು ತೋರಿಸಬೇಕು.

ಇನ್ನು ಪರೀಕ್ಷೆ. ಅಂಬಾಸಿಡರಿನಲ್ಲಿ ನೀರಿನ ಪಂಪೂ ಅದರ ಮುಂದಿನ ಫ್ಯಾನೂ ಒಂದೇ ಬೆಲ್ಟಿನಿಂದ ತಿರುಗುತ್ತವೆ; ಬ್ಯಾಟರಿಗೆ ವಿದ್ಯುತ್ತು ಕೊಡುವ ಯಂತ್ರವೂ ಅದೇ ಬೆಲ್ಟಿನ ಮೇಲಿದೆ. ಆದ್ದರಿಂದ ಚಾರ್ಜಿನ ಕೆಂಪು ದೀಪ ಹೊತ್ತಿಕೊಂಡು ಕಾರೂ ಬಿಸಿಯಾಗತೊಡಗಿದರೆ ಬೆಲ್ಟು ಹರಿದಿದೆಯೆಂದು ಬಾನೆಟ್ ತೆರೆಯದೆಯೇ ಹೇಳಬಹುದು. ಇಲ್ಲಿ ಬೆಲ್ಟು ಬಿಗಿಯಾಗಿಯೇ ಇತ್ತು; ಹೆಬ್ಬೆರಳಿನಿಂದ ಒತ್ತಿದಾಗ ಅರ್ಧ ಅಂಗುಲದಷ್ಟು ಮಾತ್ರ ಬಳುಕಿತು. ಪಂಪಿನ ಕೆಳಗೆ ಒದ್ದೆ ಇರಲಿಲ್ಲ. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು. ನೀರು ಬೆರೆತಿದ್ದರೆ ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗುತ್ತದೆ, ಇಲ್ಲಿ ಕಪ್ಪಾಗಿಯೇ ಇತ್ತು. ತಣ್ಣಗಾದ ಇಂಜಿನ್ನಿಗೆ ಕಂಠದವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ಚಾಲೂ ಮಾಡಿಸಿದರು. ಗ್ಯಾಸ್ಕೆಟ್ ಸುಟ್ಟಿದ್ದರೆ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದವು, ಒಂದೂ ಏಳಲಿಲ್ಲ. "ಇಂಜಿನ್ ಬಿಚ್ಚೂದು ಬ್ಯಾಡ್ರಿ, ಮಾಸ್ತರ. ಇದರ ಹೊಟ್ಟಿ ಸುದ್ದ ಐತಿ" ಎಂದರು. ಮಾಸ್ತರರ ಮುಖದಲ್ಲಿ ಎರಡು ವರ್ಷಗಳ ಭಾರ ಇಳಿದಂತಾಯಿತು.

ಮುಂದೆ ಥರ್ಮೋಸ್ಟಾಟಿನ ಗೂಡನ್ನು ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ. ಹಿಂದೆ ಯಾರೋ ಅದನ್ನು ಕಿತ್ತೆಸೆದಿದ್ದರು. ಬಿಸಿ ದೇಶದಲ್ಲಿ ಇದು ಅನವಶ್ಯಕವೆಂಬ ನಂಬಿಕೆ ನಮ್ಮಲ್ಲಿ ಬಹಳ ಪ್ರಬಲವಾಗಿದೆ. ನೀರು ಸುಮಾರು 82 ಡಿಗ್ರಿಗೆ ಬರುವವರೆಗೆ ಬಾಗಿಲನ್ನು ಮುಚ್ಚಿಟ್ಟು, ಬಂದ ಮೇಲೆ ತೆರೆಯುವುದು ಈ ಚಿಕ್ಕ ಸಾಧನದ ಕೆಲಸ. ಇದು ಇಲ್ಲದಿದ್ದರೆ ಇಂಜಿನ್ ಬೇಗ ಹದವಾದ ಬಿಸಿಗೆ ಬಾರದು. ಎಣ್ಣೆ ಮಂದವಾಗಿಯೇ ಇದ್ದು ಸವೆತ ಹೆಚ್ಚುತ್ತದೆ, ಪೆಟ್ರೋಲೂ ಹೆಚ್ಚು ಸುಡುತ್ತದೆ. ಇದಕ್ಕಿಂತ ದೊಡ್ಡ ಹಾನಿ ಇನ್ನೊಂದುಂಟು. ಬಯಲಿನ ಓಡಾಟದಲ್ಲಿ ಮುಳ್ಳು ಕೆಳಗೇ ಇರುವುದರಿಂದ ನಿಜವಾದ ರೋಗವು ಮರೆಯಾಗಿ ಬೆಳೆಯುತ್ತ ಹೋಗುತ್ತದೆ. ಈ ಕಾರಿನಲ್ಲಿ ಆದುದೂ ಅದೇ.

ಕೊನೆಗೆ ಇಂಜಿನ್ನನ್ನು ಬಿಸಿ ಮಾಡಿ, ನಿಲ್ಲಿಸಿ, ಮೇಸ್ತ್ರಿಯು ರೇಡಿಯೇಟರಿನ ಮೈಮೇಲೆ ಎಚ್ಚರದಿಂದ ಅಂಗೈ ಆಡಿಸಿದರು. ಎರಡು ಬದಿಗಳಲ್ಲಿ ಬಿಸಿ, ನಡುವೆ ಅಗಲವಾದೊಂದು ಭಾಗ ತಣ್ಣಗೆ. ನೀರು ಹರಿಯುವ ಕೊಳವೆ ಬಿಸಿಯಾಗಿರಬೇಕು. ತಣ್ಣಗಿದ್ದರೆ ಅದು ಕಟ್ಟಿಕೊಂಡಿದೆಯೆಂದೇ ಅರ್ಥ. ಬಯಲಿನಲ್ಲಿ ಉಳಿದ ಕೊಳವೆಗಳೇ ಭಾರವನ್ನು ಹೊತ್ತು ಸಾಗಿಸುತ್ತಿದ್ದವು. ಘಟ್ಟದಲ್ಲಿ ಇಂಜಿನ್ನಿನ ಶ್ರಮ ಹೆಚ್ಚು, ಕಾರಿನ ವೇಗ ಕಡಿಮೆ, ಎದುರು ಬೀಸುವ ಗಾಳಿಯೂ ಕಡಿಮೆ. ಅಲ್ಲಿ ಅವು ಸಾಲದಾದವು.

ಹಂಡೆಯ ಸಾಕ್ಷಿ

ರೇಡಿಯೇಟರನ್ನು ಇಳಿಸಿ, ಕೆಳಗಿನ ಬಾಯಿಯಿಂದ ನೀರು ಬಿಟ್ಟು ಮೇಲಿನ ಬಾಯಿಯಿಂದ ಹೊರಡುವಂತೆ ತಿರುಗುಮುರುಗಾಗಿ ತೊಳೆದರು. ಮೊದಲು ಇಟ್ಟಿಗೆಯ ಬಣ್ಣದ ತುಕ್ಕಿನ ನೀರು ಬಂತು. ಅದರ ಹಿಂದೆಯೇ ಬಿಳಿಯ ಚೂರುಗಳು ಬಂದು ಕಲ್ಲಿನ ಮೇಲೆ ಹರಡಿದವು. ಅಷ್ಟರವರೆಗೆ ಸುಮ್ಮನೆ ಕುಳಿತಿದ್ದ ಮಾಸ್ತರರ ಮನೆಯವರು ಎದ್ದುಬಂದು ಒಂದು ಚೂರನ್ನು ಬೆರಳಿನಿಂದ ಉಜ್ಜಿ, "ಅಯ್ಯ, ಇದು ನಮ್ಮ ಬಚ್ಚಲದ ಹಂಡ್ಯಾಗ ಕಟ್ಟೂ ಹಕ್ಕಳಿನ ಐತಲ್ರಿ!" ಎಂದರು.

ಮೇಸ್ತ್ರಿಯು ನಕ್ಕು, "ಅವ್ವಾರ ಖರೇ ಹೇಳಿದ್ರು. ಯಾವ ಊರ ನೀರ್ರಿ ಇದು?" ಎಂದು ಕೇಳಿದರು.

ನವಲಗುಂದದ ಸೀಮೆಯ ನೆಲದ ನೀರು ಸವಳೆಂಬುದು ಸರ್ವವಿದಿತ. ಅಲ್ಲಿಯ ಜನ ಕುಡಿಯುವುದಕ್ಕೆ ಕೆರೆಯ ನೀರನ್ನೇ ನೆಚ್ಚಿಕೊಂಡು ಬಂದವರು. ಆದರೆ ಕಾರಿಗೆ ಕೆರೆಯ ನೀರನ್ನು ಯಾರು ಹೊತ್ತು ತಂದಾರು? ಮನೆಯ ಕೊಳವೆಬಾವಿಯಿಂದ ದಿನಕ್ಕೊಂದು ತಂಬಿಗೆ, ಮೂವತ್ತಕ್ಕೂ ಹೆಚ್ಚು ವರ್ಷ. ಸವಳು ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣದ ಅಂಶವು ಬೇರ್ಪಟ್ಟು ಬಿಸಿಯಾದ ಲೋಹಕ್ಕೆ ಅಂಟಿಕೊಳ್ಳುತ್ತದೆ. ಹಂಡೆಯಲ್ಲಿ ಆದರೆ ಕಣ್ಣಿಗೆ ಬೀಳುತ್ತದೆ; ಕಡ್ಡಿಗಿಂತ ಸ್ವಲ್ಪವೇ ಅಗಲವಾದ ರೇಡಿಯೇಟರ್ ಕೊಳವೆಯಲ್ಲಿ ಬೀಳದು. ತೆಳುವಾದ ಲೇಪವೂ ಶಾಖವು ಲೋಹವನ್ನು ದಾಟಿ ಹೋಗುವುದಕ್ಕೆ ಅಡ್ಡಿಯಾಗುತ್ತದೆ. ಹೀಗೆ, ಅರಬೈಲಿನಲ್ಲಿ ಕಂಡ ರೋಗವು ಅರಬೈಲಿನಲ್ಲಿ ಹುಟ್ಟಿದ್ದಲ್ಲ. ಅದು ಮನೆಯ ಅಂಗಳದಲ್ಲಿ, ತಂಬಿಗೆ ತಂಬಿಗೆಯಾಗಿ, ಒಳ್ಳೆಯ ಮನಸ್ಸಿನಿಂದಲೇ ತುಂಬಿಸಲ್ಪಟ್ಟದ್ದು. ಘಟ್ಟವು ಅದನ್ನು ತೋರಿಸಿಕೊಟ್ಟಿತು, ಅಷ್ಟೆ.

ಆ ರಾತ್ರಿ ಯಲ್ಲಾಪುರದಲ್ಲಿ ತಂಗಿ, ತೊಳೆದ ರೇಡಿಯೇಟರನ್ನು ಮತ್ತೆ ಕೂಡಿಸಿಕೊಂಡು ಮರುದಿನ ಬೆಳಗಿನ ತಂಪಿನಲ್ಲಿ ಹುಬ್ಬಳ್ಳಿಯನ್ನು ಸೇರಿದೆವು. ಪೂರ್ಣ ಚಿಕಿತ್ಸೆ ಅಲ್ಲಿ ಆಯಿತು. ರೇಡಿಯೇಟರ್ ಕೆಲಸದವನು ಬೆಸುಗೆಯನ್ನು ಕಾಸಿ ಮೇಲಿನ ತೊಟ್ಟಿಯನ್ನು ಬಿಡಿಸಿ, ಒಂದೊಂದು ಕೊಳವೆಯಲ್ಲಿಯೂ ಚಪ್ಪಟೆ ಸಲಾಕೆ ಆಡಿಸಿ ಕಟ್ಟಿದ್ದನ್ನು ತೆಗೆದು, ಮತ್ತೆ ಬೆಸೆದು ಕೊಟ್ಟನು. ತಾಮ್ರ ಹಿತ್ತಾಳೆಯ ಹಳೆಯ ರೇಡಿಯೇಟರುಗಳಲ್ಲಿ ಈ ಅನುಕೂಲತೆ ಇದೆ. ಇತ್ತೀಚಿನ ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ಕಿನವುಗಳಲ್ಲಿ ಹೀಗೆ ಮಾಡಲು ಬಾರದು, ಸಾಮಾನ್ಯವಾಗಿ ಹೊಸದನ್ನೇ ಹಾಕಬೇಕಾಗುತ್ತದೆ. ಇಂಜಿನ್ನಿನ ಮಗ್ಗುಲಲ್ಲಿರುವ ನೀರು ಬಿಡುವ ನಲ್ಲಿಯನ್ನೂ ಬಿಚ್ಚಿದರು. ನಲ್ಲಿ ಬಿಚ್ಚಿದರೂ ಹನಿ ನೀರು ಬರಲಿಲ್ಲ. ತಂತಿಯಿಂದ ಕೆದಕಿದ ಮೇಲೆ ಕೆಸರು ಇಳಿಯಿತು. ಕೆಳಗಿನ ರಬ್ಬರ್ ನಳಿಕೆ ಮೆತ್ತಗಾಗಿತ್ತು. ಪಂಪಿನ ಸೆಳೆತಕ್ಕೆ ಅಂತಹ ನಳಿಕೆ ಒಳಕ್ಕೆ ಕುಸಿದು ನೀರಿನ ದಾರಿಯನ್ನೇ ಮುಚ್ಚುವುದರಿಂದ ನಳಿಕೆಗಳನ್ನೂ ಮುಚ್ಚಳವನ್ನೂ ಬದಲಿಸಿ, ಥರ್ಮೋಸ್ಟಾಟನ್ನು ಅದರ ಸ್ಥಾನದಲ್ಲಿ ಮತ್ತೆ ಕೂಡಿಸಿದರು. ಈ ಎಲ್ಲದರ ವೆಚ್ಚವು ಇಂಜಿನ್ ಬಿಚ್ಚಲು ಹೇಳಿದ್ದ ಮೊತ್ತದ ಹತ್ತನೆಯ ಒಂದು ಪಾಲಿನಷ್ಟೂ ಆಗಲಿಲ್ಲ.

2024ರ ಫೆಬ್ರುವರಿಯಲ್ಲಿ ಅದೇ ಕಾರಿನಲ್ಲಿ ಮತ್ತೆ ಅಂಕೋಲೆಗೆ ಹೋಗಿ ಬಂದೆವು. ಗುಳ್ಳಾಪುರದಿಂದ ಇಡಗುಂದಿಯವರೆಗೆ ನಮ್ಮೆಲ್ಲರ ದೃಷ್ಟಿಯೂ ಮುಳ್ಳಿನ ಮೇಲೆಯೇ ಇತ್ತು. ಅದು ನಡುವಿನಿಂದ ಕೂದಲೆಳೆಯಷ್ಟು ಮೇಲೆ ಹೋಗಿ, ಏರು ಮುಗಿದೊಡನೆ ತನ್ನ ಸ್ಥಾನಕ್ಕೆ ಮರಳಿತು. ತಾಯಿಯವರು ಮಾತ್ರ ಕಾಡನ್ನು ನೋಡುತ್ತ ಕುಳಿತಿದ್ದರು. ಗುಜರಿಯ ವಿಚಾರ ಅವರಿಗೆ ಇಂದಿಗೂ ತಿಳಿದಿಲ್ಲ.

ಮನೆಯವರು ನೆನಪಿಡತಕ್ಕ ಸಂಗತಿಗಳು

ಹಳೆಯ ಕಾರಿರುವ ಮನೆಗಳು ನಮ್ಮ ಓದುಗ ಬಂಧುಗಳಲ್ಲಿ ಇನ್ನೂ ಅನೇಕ ಇರಬಹುದು. ಅವರ ಉಪಯೋಗಕ್ಕೆಂದು ಕೆಲವು ಮಾತು.

ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಎಳೆಸುವುದು ಸಲ್ಲದು. ಕೆಳಗಿನ ಗೇರಿನಲ್ಲಿ ಇಂಜಿನ್ ಚುರುಕಾಗಿ ತಿರುಗಿದರೆ ಪಂಪೂ ಫ್ಯಾನೂ ಚುರುಕಾಗಿ ತಿರುಗುತ್ತವೆ. ಮುಳ್ಳು ಏರತೊಡಗಿದಾಗ ಕಾರಿನಲ್ಲಿ ಹೀಟರ್ ಇದ್ದರೆ ಅದನ್ನು ಪೂರ್ತಿ ತೆರೆಯಬೇಕು. ಒಳಗಿನವರಿಗೆ ಸೆಕೆಯಾದರೂ ಇಂಜಿನ್ನಿನ ಶಾಖ ಸ್ವಲ್ಪ ಹೊರಬರುತ್ತದೆ. ಹಬೆ ಕಂಡರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಇಂಜಿನ್ ಆರಿಸಬೇಕು. ಊರು ಹತ್ತಿರವೇ ಇದೆಯೆಂದು ಎರಡು ಮೈಲು ಹೆಚ್ಚು ಓಡಿಸಿದರೆ ಹೆಡ್ಡು ಸೊಟ್ಟಗಾಗಿ, ಚಿಕ್ಕ ವೆಚ್ಚದಲ್ಲಿ ಮುಗಿಯುವುದು ದೊಡ್ಡದಾಗುತ್ತದೆ.

ರೇಡಿಯೇಟರಿಗೆ ಸವಳು ನೀರು ಬೇಡ. ಅಂಗಡಿಯಲ್ಲಿ ದೊರೆಯುವ ಕೂಲಂಟನ್ನು ಬಟ್ಟಿ ಇಳಿಸಿದ ನೀರಿನೊಡನೆ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ಅದು ಕುದಿಯುವ ಮಟ್ಟವನ್ನು ಏರಿಸುವುದಲ್ಲದೆ ತುಕ್ಕನ್ನೂ ತಡೆಯುತ್ತದೆ. ಕೂಲಂಟು ವಿಷ; ರುಚಿ ಸಿಹಿಯಾಗಿರುವುದರಿಂದ ಮಕ್ಕಳಿಗೂ ನಾಯಿಗಳಿಗೂ ಎಟುಕದಂತೆ ಇಡುವುದು ಅತ್ಯಗತ್ಯ. ಹಳೆಯದನ್ನು ಚರಂಡಿಗೋ ಹಿತ್ತಲಿಗೋ ಚೆಲ್ಲಬಾರದು. ರೇಡಿಯೇಟರಿನ ಮುಂಭಾಗದ ಜಾಲರಿಯಲ್ಲಿ ಸಿಕ್ಕಿದ ಧೂಳು, ಹತ್ತಿಯ ಎಳೆ, ಹುಳಗಳನ್ನು ಆಗಾಗ್ಗೆ ಹಿಂಬದಿಯಿಂದ ನೀರು ಹಾಯಿಸಿ ತೊಳೆಯಬೇಕು.

ಮೇಸ್ತ್ರಿಯ ಬಳಿಗೆ ಹೋದಾಗ, "ಬಿಸಿಯಾಗುತ್ತದೆ" ಎಂದಷ್ಟೇ ಹೇಳಿ ಸುಮ್ಮನಾಗದೆ, ಯಾವಾಗ, ಎಲ್ಲಿ, ಎಷ್ಟು ಹೊತ್ತಿನಲ್ಲಿ ಎಂಬುದನ್ನೂ ಹೇಳಿರಿ. ಅರ್ಧ ಚಿಕಿತ್ಸೆ ಅಲ್ಲಿಯೇ ಆಗುತ್ತದೆ. ಇಂಜಿನ್ ಬಿಚ್ಚುವ ಮಾತು ಬಂದರೆ, ಅದಕ್ಕಿಂತ ಮೊದಲು ಬೆಲ್ಟು, ನಳಿಕೆ, ಮುಚ್ಚಳ, ಥರ್ಮೋಸ್ಟಾಟು, ರೇಡಿಯೇಟರುಗಳನ್ನು ಕ್ರಮವಾಗಿ ನೋಡಿದ್ದಾರೆಯೇ ಎಂದು ವಿನಯದಿಂದಲೇ ಕೇಳಿರಿ.

ಮತ್ತು ಘಟ್ಟದ ದಾರಿ ಹಿಡಿಯುವ ದಿನ ಬೆಳಗ್ಗೆ, ಇಂಜಿನ್ ತಣ್ಣಗಿರುವಾಗ, ಮನೆಯ ಅಂಗಳದಲ್ಲಿಯೇ ಮುಚ್ಚಳ ತೆಗೆದು ಒಳಗೊಮ್ಮೆ ನೋಡಿರಿ. ನೀರು ತುಂಬಿದ್ದು ತಿಳಿಯಾಗಿದ್ದರೆ ನಿಶ್ಚಿಂತೆಯಿಂದ ಹೊರಡಿರಿ. ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಪ್ರಯಾಣವನ್ನು ಎರಡು ದಿನ ಮುಂದಕ್ಕೆ ಹಾಕಿರಿ. ಕಾಡು, ನದಿ, ಕಡಲುಗಳು ಅಲ್ಲಿಯೇ ಇರುತ್ತವೆ.